ಮೇಳದ ಹಸು ಮತ್ತು ನಡೆಯದೇ ಹೋದ ಒಂದು ವಾದ

2014ರ ಮಾರ್ಚ್ ತಿಂಗಳು. ನಾನು ದ್ವಿತೀಯ ಪಿಯುಸಿ ಪರೀಕ್ಷೆಗೆ ಓದುತ್ತಿದ್ದೆ. ದಿಬ್ಬೂರಹಳ್ಳಿಯ ನಮ್ಮ ಮನೆಯಲ್ಲಿ ರೇಷ್ಮೆಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಹುಳು ಜ್ವರಕ್ಕೆ ಕೂತರೆ ಸೊಪ್ಪು ಹಾಕುವ ಕೆಲಸವಿರುವುದಿಲ್ಲ. ಆ ಒಂದು ದಿನದ ಬಿಡುವಿನಲ್ಲಿ ನಮ್ಮವ್ವ (ನಮ್ಮ ಕಡೆ ಅಜ್ಜಿಯನ್ನು ಅವ್ವ ಎನ್ನುತ್ತೇವೆ) ನನ್ನ ಕೈಲಿ ಪೇಪರು ಓದಿಸುತ್ತಿದ್ದಳು. ಲೋಕಸಭೆ ಚುನಾವಣೆಯ ಸುದ್ದಿ. ಮಂಗಳೂರಿನಲ್ಲಿ ಕಾಂಗ್ರೆಸ್ ಪಕ್ಷ ಅಭ್ಯರ್ಥಿಯನ್ನು ದೆಹಲಿಯಿಂದ ಹೆಸರಿಸುವ ಬದಲು ತನ್ನ ಕಾರ್ಯಕರ್ತರಿಂದಲೇ ವೋಟು ಹಾಕಿಸಿ ಆರಿಸುತ್ತಿದೆ, ಒಂದು ಕಡೆ ಜನಾರ್ದನ ಪೂಜಾರಿ, ಇನ್ನೊಂದು ಕಡೆ ಹರ್ಷ ಮೊಯಿಲಿ ಎಂದು ಓದಿದೆ. ಎರಡನೇ ಹೆಸರಿಗೆ ಅಪ್ಪ ಕಿವಿ ನೆಟ್ಟಗೆ ಮಾಡಿದರು. ಹರ್ಷ ಅವರ ತಂದೆ ವೀರಪ್ಪ ಮೊಯಿಲಿ ಆಗ ನಮ್ಮ ಚಿಕ್ಕಬಳ್ಳಾಪುರದ ಸಂಸದರು, ಕೇಂದ್ರದಲ್ಲಿ ಮಂತ್ರಿ. ಅವ್ವ ನಿಂತದ್ದು ಮೊದಲನೇ ಹೆಸರಿನ ಮೇಲೆ. "ಆಯಪ್ಪನೇ ಕಣಮ್ಮ ನಮಗೆ ಆವು ಕೊಡಿಸಿದ್ದು" ಅಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾಲಾನೂ ಆಯಪ್ಪಂದೇ" ಅಂದಳು.

ಆ ಎರಡು ಮಾತುಗಳ ನಡುವೆ ಒಂದು ಪೂರ್ತಿ ಆರ್ಥಿಕ ನೀತಿಯ ಚರ್ಚೆ ಇತ್ತು ಎಂದು ನನಗೆ ಅರ್ಥವಾಗಲು ಹತ್ತು ವರ್ಷ ಬೇಕಾಯಿತು. ಇಂದು ನಾನು ಸಾಹಿತ್ಯದ ಸಂಶೋಧನಾ ವಿದ್ಯಾರ್ಥಿ. ಕಾವ್ಯ, ಕಾದಂಬರಿ, ನಾಟಕಗಳನ್ನು ಹೇಗೆ ಓದಬೇಕು ಎಂದು ನಮಗೆ ಹೇಳಿಕೊಡುತ್ತಾರೆ. ಪ್ರಣಾಳಿಕೆಯನ್ನು, ಚುನಾವಣಾ ಭಾಷಣವನ್ನು ಹೇಗೆ ಓದಬೇಕು ಎಂದು ಯಾರೂ ಹೇಳಿಕೊಡುವುದಿಲ್ಲ. ನಮ್ಮ ಸಂಸದರಾಗಿದ್ದ ಮೊಯಿಲಿಯವರು 'ಶ್ರೀ ರಾಮಾಯಣ ಮಹಾನ್ವೇಷಣಂ' ಬರೆದರು. ಅದಕ್ಕೆ ಸರಸ್ವತಿ ಸಮ್ಮಾನ್ ಬಂತು. ಅದರ ಮೇಲೆ ವಿಮರ್ಶೆಗಳು ಬಂದವು, ಗೋಷ್ಠಿಗಳು ನಡೆದವು. ಅದೇ ಲೇಖಕರು ನಮ್ಮೂರಿನ ವೇದಿಕೆಗಳಲ್ಲಿ ನೀರಿನ ಬಗ್ಗೆ ಆಡಿದ ಮಾತಿಗೆ ವಿಮರ್ಶೆ ಬರೆದವರನ್ನು ನಾನು ಕಂಡಿಲ್ಲ. ನಮ್ಮ ಬದುಕನ್ನು ಹೆಚ್ಚು ತಿರುಗಿಸಿದ್ದು ಈ ಎರಡರಲ್ಲಿ ಯಾವುದು ಎಂಬ ಪ್ರಶ್ನೆಗೆ ಉತ್ತರ ಎಲ್ಲರಿಗೂ ಗೊತ್ತು. ಆದ್ದರಿಂದ ಈ ಬರಹ ಆ ಮಂಗಳೂರಿನ ಸ್ಪರ್ಧೆಯನ್ನು ಒಂದು ಪಠ್ಯದಂತೆ ಓದುವ ಪ್ರಯತ್ನ. ಅಲ್ಲಿ ಆದ ಮಾತಿಗಿಂತ ಆಗಬೇಕಿದ್ದು ಆಗದೇ ಉಳಿದ ಮಾತು ದೊಡ್ಡದು ಎಂಬುದು ನನ್ನ ವಾದ.

ಮೊದಲು ನಡೆದದ್ದೇನು ಎಂಬುದನ್ನು ನೆನಪಿಸಿಕೊಳ್ಳೋಣ. ಅಮೆರಿಕದಲ್ಲಿ ಅಧ್ಯಕ್ಷ ಪದವಿಗೆ ಪಕ್ಷದ ಅಭ್ಯರ್ಥಿ ಯಾರು ಎಂಬುದನ್ನು ರಾಜ್ಯದಿಂದ ರಾಜ್ಯಕ್ಕೆ ನಡೆಯುವ ಪ್ರೈಮರಿಗಳಲ್ಲಿ ತೀರ್ಮಾನಿಸುತ್ತಾರೆ. ಅದರ ಒಂದು ಸಣ್ಣ ರೂಪವನ್ನು 2014ರಲ್ಲಿ ರಾಹುಲ್ ಗಾಂಧಿಯವರ ಒತ್ತಾಸೆಯಿಂದ ಕಾಂಗ್ರೆಸ್ ದೇಶದ ಕೆಲವೇ ಲೋಕಸಭಾ ಕ್ಷೇತ್ರಗಳಲ್ಲಿ ಪ್ರಯೋಗ ಮಾಡಿತು. ಕರ್ನಾಟಕದಲ್ಲಿ ಎರಡು ಕಡೆ: ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ವೋಟು ಹಾಕಿದವರು ಸಾಮಾನ್ಯ ಮತದಾರರಲ್ಲ; ಪಕ್ಷದ ಪದಾಧಿಕಾರಿಗಳು ಮತ್ತು ಪಕ್ಷದಿಂದ ಗೆದ್ದ ಸ್ಥಳೀಯ ಪ್ರತಿನಿಧಿಗಳು. ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ ಗೆದ್ದರು, ದಕ್ಷಿಣ ಕನ್ನಡದಲ್ಲಿ ಪೂಜಾರಿ ಗೆದ್ದರು. ಮುಂದೆ ನಿಜವಾದ ಚುನಾವಣೆಯಲ್ಲಿ ನಾರಾಯಣಸ್ವಾಮಿ ಡಿ.ವಿ. ಸದಾನಂದ ಗೌಡರ ಎದುರು, ಪೂಜಾರಿ ನಳಿನ್ ಕುಮಾರ್ ಕಟೀಲ್ ಎದುರು ಸೋತರು. ಪ್ರಯೋಗದ ಸುದ್ದಿಯೂ ಅಲ್ಲಿಗೆ ತಣ್ಣಗಾಯಿತು.

ಆ ದಿನಗಳ ವರದಿಗಳನ್ನು ಈಗ ಹುಡುಕಿ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮಂಗಳೂರಿನ ಸ್ಪರ್ಧೆಯನ್ನು ಎಲ್ಲರೂ ಹಿರಿಯ-ಕಿರಿಯ ಎಂಬ ಚೌಕಟ್ಟಿನಲ್ಲಿ, ಇಲ್ಲವೇ ಮಂತ್ರಿಯ ಮಗ-ಹಳೆಯ ಹುಲಿ ಎಂಬ ಚೌಕಟ್ಟಿನಲ್ಲಿ ನೋಡಿದರು. ಜಾತಿಯ ಲೆಕ್ಕ ಇತ್ತು, ಬಣಗಳ ಲೆಕ್ಕ ಇತ್ತು. ಆದರೆ ಆ ಇಬ್ಬರು ವ್ಯಕ್ತಿಗಳು ತಮ್ಮ ಸಾರ್ವಜನಿಕ ಬದುಕಿನಲ್ಲಿ ಒಂದೇ ಪ್ರಶ್ನೆಗೆ ಎರಡು ವಿರುದ್ಧ ಉತ್ತರಗಳನ್ನು ಕೊಟ್ಟವರು ಎಂಬುದು ಎಲ್ಲೂ ಮುಖ್ಯವಾಗಲಿಲ್ಲ. ಪ್ರಶ್ನೆ ಇದು: ಕೈಯಲ್ಲಿ ಕಾಸಿಲ್ಲದ ಹಳ್ಳಿಯ ಮನೆಗೆ ಹಣ ಹೇಗೆ ತಲುಪಬೇಕು?

ಪೂಜಾರಿಯವರ ಉತ್ತರ ಸಾಲಮೇಳ. 1980ರ ದಶಕದಲ್ಲಿ ಕೇಂದ್ರದಲ್ಲಿ ಹಣಕಾಸು ಖಾತೆಯ ರಾಜ್ಯ ಸಚಿವರಾಗಿದ್ದಾಗ ಅವರು ರಾಷ್ಟ್ರೀಕೃತ ಬ್ಯಾಂಕುಗಳನ್ನು ಶಾಮಿಯಾನದ ಕೆಳಗೆ ತಂದು ಕೂರಿಸಿದರು. ಹಸು, ಎಮ್ಮೆ, ಹೊಲಿಗೆ ಯಂತ್ರ, ತಳ್ಳುಗಾಡಿ ಕೊಳ್ಳಲು ಬಡವರಿಗೆ ಅಲ್ಲೇ ಸಾಲ ಮಂಜೂರಾಗುತ್ತಿತ್ತು. ಇದು ಹುಟ್ಟಿದ ಜಾಗವನ್ನು ಮರೆಯಬಾರದು. ಕರಾವಳಿ ಬ್ಯಾಂಕುಗಳ ತವರು. ಕೆನರಾ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಅಲ್ಲಿ ಹುಟ್ಟಿದವು. ಸಿಂಡಿಕೇಟಿನ ಪಿಗ್ಮಿ ಯೋಜನೆ ದಿನಗೂಲಿಯವರ ಮನೆಬಾಗಿಲಿಗೆ ಹೋಗಿ ಎರಡಾಣೆ ನಾಲ್ಕಾಣೆ ಉಳಿತಾಯ ಸಂಗ್ರಹಿಸಿತು. ಪಿಗ್ಮಿ ಬಡವರ ಹಣವನ್ನು ಬ್ಯಾಂಕಿನ ಒಳಕ್ಕೆ ತಂದರೆ, ಸಾಲಮೇಳ ಬ್ಯಾಂಕಿನ ಹಣವನ್ನು ಬಡವರ ಕಡೆಗೆ ಹೊರಕ್ಕೆ ತಂದಿತು. ಒಂದೇ ಊರಿನ ಎರಡು ಕಲ್ಪನೆಗಳು ಇವು.

ಹರ್ಷ ಮೊಯಿಲಿಯವರ ಉತ್ತರ ಬೇರೆ. ಅವರು ಮೋಕ್ಷ ಯುಗ್ ಆಕ್ಸೆಸ್ ಎಂಬ ಕಂಪನಿಯ ಸ್ಥಾಪಕರು. ಕಿರುಸಾಲದಿಂದ ಶುರುವಾಗಿ ಹಾಲು ಸಂಗ್ರಹ ಮತ್ತು ಗ್ರಾಮೀಣ ಪೂರೈಕೆ ಸರಪಳಿಯ ಕಡೆಗೆ ನಡೆದ ಸಂಸ್ಥೆ ಅದು. ಅದರ ಹಿಂದಿನ ತರ್ಕವನ್ನು ಸರಳವಾಗಿ ಹೀಗೆ ಹೇಳಬಹುದು: ಬರೀ ಸಾಲ ಕೊಟ್ಟರೆ ಸಾಲದು, ಹಸುವಿನಿಂದ ಬಂದ ಹಾಲು ಕೆಡದೆ, ತೂಕದಲ್ಲಿ ಮೋಸವಿಲ್ಲದೆ, ಮಾರುಕಟ್ಟೆಗೆ ಮುಟ್ಟಿ, ದುಡ್ಡು ಸಮಯಕ್ಕೆ ವಾಪಸು ಬರಬೇಕು, ಅದನ್ನು ಮಾಡಬಲ್ಲದ್ದು ಲಾಭದ ಮೇಲೆ ನಿಂತ ಸಂಸ್ಥೆ. ಇಲ್ಲಿ ಮಂತ್ರಿ ಇಲ್ಲ, ಶಾಮಿಯಾನ ಇಲ್ಲ. ಹೂಡಿಕೆ, ಶೀತಲೀಕರಣ, ಲೆಕ್ಕದ ಪುಸ್ತಕ ಇವೆ.

ಈ ಇಬ್ಬರು ಆ ತಿಂಗಳು ವೇದಿಕೆಯ ಮೇಲೆ ಹೀಗೆ ಮಾತಾಡಿದರು ಎಂದು ನಾನು ಹೇಳುತ್ತಿಲ್ಲ. ಅವರ ಕೆಲಸ ಹೇಳುವ ಮಾತನ್ನು ಎದುರುಬದುರು ಇಟ್ಟು ನೋಡುತ್ತಿದ್ದೇನೆ. ಹಾಗೆ ಇಟ್ಟು ನೋಡುವುದಕ್ಕೆ ನನ್ನ ಬಳಿ ಇರುವ ಅಳತೆಗೋಲು ನಮ್ಮವ್ವನ ಹಸು.

ಸಾಲದಲ್ಲಿ ಕೊಂಡ ಆ ಸೀಮೆಹಸುವಿಗೆ ಮನೆಯಲ್ಲಿ "ಮೇಳದ ಆವು" ಎಂದೇ ಹೆಸರು. ಗಡಿಸೀಮೆಯ ನಮ್ಮ ಮನೆಮಾತು ತೆಲುಗು, ಓದು ಬರಹ ಕನ್ನಡ. ತೆಲುಗಿನಲ್ಲಿ ಸಾಲಕ್ಕೆ ಅಪ್ಪು ಎನ್ನುತ್ತಾರೆ. ಕನ್ನಡದಲ್ಲಿ ಅಪ್ಪು ಎಂದರೆ ತಬ್ಬಿಕೋ. ನಮ್ಮ ಮನೆಯಲ್ಲಿ ಆ ಎರಡೂ ಅರ್ಥ ಒಟ್ಟಿಗೆ ಇದ್ದವು. ಹಸು ಹಾಲು ಕೊಟ್ಟಿತು. ಡೇರಿಯ ಪಾಸ್‌ಪುಸ್ತಕ ಅವ್ವನ ಹೆಸರಲ್ಲಿ ಬಂತು. ತನ್ನ ಹೆಸರನ್ನು ಅಚ್ಚಾದ ಅಕ್ಷರದಲ್ಲಿ ಅವಳು ಮೊದಲ ಸಲ ಕಂಡದ್ದು ಅದರಲ್ಲಂತೆ. ಆ ಹಾಲಿನ ಬಟವಾಡೆಯಲ್ಲೇ ನಮ್ಮತ್ತೆ ಹೈಸ್ಕೂಲು ಮುಗಿಸಿದರು. ಮೂರನೇ ವರ್ಷ ಹಸು ಕಾಯಿಲೆ ಬಿದ್ದು ಸತ್ತಿತು. ವಿಮೆ ಇತ್ತು, ಅದರ ಗುರುತಿಗೆ ಕಿವಿಯಲ್ಲಿ ಓಲೆ ಇತ್ತು. ಹಣ ಬೇಕಾದರೆ ಓಲೆ ಸಮೇತ ಕಿವಿ ಕತ್ತರಿಸಿ ತಂದು ತೋರಿಸಿ ಎಂದರು. ಅವ್ವ ಒಪ್ಪಲಿಲ್ಲ. "ಮೂರು ವರ್ಷ ಅನ್ನ ಹಾಕಿದ ಆವಿನ ಕಿವಿ ಕತ್ತರಿಸಿ ಕೈಲಿ ಹಿಡ್ಕೊಂಡು ಬಸ್ಸಲ್ಲಿ ಹೋಗ್ಲಾ?" ಎಂದು ಈಗಲೂ ಕೇಳುತ್ತಾಳೆ. ಹಸುವನ್ನು ಹಾಗೇ ಹೂಳಿದರು. ವಿಮೆ ಬರಲಿಲ್ಲ. ಸಾಲ ಉಳಿಯಿತು. ಗೂಡು ಮಾರಿದ ದುಡ್ಡಿನಲ್ಲಿ ವರ್ಷಗಟ್ಟಲೆ ತೀರಿಸಿದರು. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರ ಹತ್ತು ಸಾವಿರ ರೂಪಾಯಿವರೆಗಿನ ಗ್ರಾಮೀಣ ಸಾಲ ಮನ್ನಾ ಮಾಡುವ ಹೊತ್ತಿಗೆ ನಮ್ಮ ಸಾಲ ತೀರಿತ್ತು. ಕಟ್ಟದೇ ಉಳಿಸಿಕೊಂಡವರು ಬುದ್ಧಿವಂತರಾದರು, ಕಟ್ಟಿದವರು ಪೆದ್ದರಾದರು ಎಂಬುದು ಅವ್ವನ ಆರ್ಥಿಕ ಸಮೀಕ್ಷೆ.

ಈ ಕತೆಯನ್ನು ಸಾಲಮೇಳದ ವಿರುದ್ಧ ಸಾಕ್ಷಿಯಾಗಿ ಬಳಸುವುದು ಸುಲಭ. ಬ್ಯಾಂಕಿನವರು ಆ ಕಾಲದಿಂದಲೂ ಹೇಳುತ್ತಿದ್ದದ್ದು ಅದನ್ನೇ: ಅರ್ಜಿದಾರರ ಪರಿಶೀಲನೆ ಇಲ್ಲ, ಆಯ್ಕೆಯಲ್ಲಿ ಪಕ್ಷದವರ ಕೈವಾಡ, ವಸೂಲಾತಿ ಇಲ್ಲ. ಇವುಗಳಲ್ಲಿ ನಿಜವಿದೆ. ಆದರೆ ಆ ಟೀಕೆ ಒಂದು ಸಂಗತಿಯನ್ನು ನೋಡುವುದಿಲ್ಲ. ಮೇಳ ಎಂಬ ಪದವನ್ನು ಗಮನಿಸಿ. ಸಾಲ ನಮ್ಮಲ್ಲಿ ಗುಟ್ಟಿನ ವ್ಯವಹಾರ. ಸಾಹುಕಾರನ ಮನೆಯ ಹಿಂಬಾಗಿಲಲ್ಲಿ, ಸೆರಗು ತಲೆಗೆ ಎಳೆದುಕೊಂಡು, ಕತ್ತಲಾದ ಮೇಲೆ ನಡೆಯುವಂಥದ್ದು. ಮೇಳ ಜಾತ್ರೆಯ ಪದ, ಯಕ್ಷಗಾನದ ಪದ, ಹಗಲಿನ ಪದ. ಆ ಎರಡನ್ನು ಜೋಡಿಸಿದ್ದರಿಂದ ನಾಚಿಕೆಯ ವ್ಯವಹಾರ ನಾಲ್ಕು ಜನರ ಎದುರು ನಡೆಯುವ ವ್ಯವಹಾರವಾಯಿತು. ಬ್ಯಾಂಕಿನ ಮೆಟ್ಟಿಲು ಹತ್ತದ ಹೆಂಗಸು ಬ್ಯಾಂಕಿನ ಎದುರು ಕುರ್ಚಿಯಲ್ಲಿ ಕೂತಳು. ಇದು ಸಣ್ಣ ಮಾತಲ್ಲ. ಪೂಜಾರಿಯವರು 2018ರಲ್ಲಿ ಹೊರತಂದ ಆತ್ಮಕಥೆಗೆ 'ಸಾಲಮೇಳದ ಸಂಗ್ರಾಮ' ಎಂದು ಹೆಸರಿಟ್ಟರು. ಮೇಳವನ್ನು ಅವರು ಯುದ್ಧವೆಂದು ಕಂಡಿದ್ದರು ಎಂಬುದು ಶೀರ್ಷಿಕೆಯಲ್ಲೇ ಇದೆ.

ಆದರೆ ಮೇಳ ಒಂದು ದಿನದ್ದು. ಸಾಲ ಮೂರು ವರ್ಷದ್ದು. ಶಾಮಿಯಾನ ಬಿಚ್ಚಿದ ಮೇಲೆ ಮೇವು, ಪಶುವೈದ್ಯ, ವಿಮೆ ಯಾವುದೂ ಆ ಹೆಸರಿನೊಳಗೆ ಇರಲಿಲ್ಲ. ಹಸು ಸತ್ತರೆ ನಷ್ಟ ಯಾರದ್ದು ಎಂಬ ಪ್ರಶ್ನೆಗೆ ಸಾಲಮೇಳದ ಭಾಷೆಯಲ್ಲಿ ಉತ್ತರವೇ ಇರಲಿಲ್ಲ. ಇಲ್ಲಿ ಪೂರೈಕೆ ಸರಪಳಿಯ ವಾದಕ್ಕೆ ಬಲವಿದೆ. ಅದು ಹಸುವಿನ ನಾಳೆಯ ಬಗ್ಗೆ ಯೋಚಿಸುತ್ತದೆ. ಆದರೆ ಅದಕ್ಕೂ ಒಂದು ಕುರುಡಿದೆ. ಸರಪಳಿ ಎಂಬ ಪದವನ್ನೂ ಗಮನಿಸಿ. ಅದರಲ್ಲಿ ಕೊಂಡಿಗಳಿವೆ, ಹಿಡಿ ಯಾರ ಕೈಯಲ್ಲಿದೆ ಎಂದು ಅದು ಹೇಳುವುದಿಲ್ಲ. ಡೇರಿ ಸಹಕಾರ ಸಂಘದಲ್ಲಿ ಅವ್ವ ಷೇರುದಾರಳು, ಅಧ್ಯಕ್ಷರ ಚುನಾವಣೆಗೆ ಬೈದಾಡಿಕೊಂಡು ವೋಟು ಹಾಕಿದವಳು. ಕಂಪನಿಯ ಸರಪಳಿಯಲ್ಲಿ ಅವಳು ಸರಬರಾಜುದಾರಳು. ಎರಡೂ ಕಡೆ ಹಾಲು ಒಂದೇ, ಅವಳ ಸ್ಥಾನ ಬೇರೆ.

ಇನ್ನು ಕಿರುಸಾಲ. 2009ರಲ್ಲಿ ಕೋಲಾರ, ರಾಮನಗರದಂಥ ರೇಷ್ಮೆ ಪಟ್ಟಣಗಳಲ್ಲಿ ಕಿರುಸಾಲದ ಕಂತು ಕಟ್ಟುವುದನ್ನು ಜನ ಸಾಮೂಹಿಕವಾಗಿ ನಿಲ್ಲಿಸಿದರು. ರೇಷ್ಮೆಯ ವ್ಯಾಪಾರ ಇಳಿದಿತ್ತು, ಒಬ್ಬೊಬ್ಬರ ಮೇಲೆ ಮೂರು ನಾಲ್ಕು ಸಂಸ್ಥೆಗಳ ಸಾಲವಿತ್ತು. ಮರುವರ್ಷ ಪಕ್ಕದ ಆಂಧ್ರಪ್ರದೇಶ ಕಿರುಸಾಲದ ವಸೂಲಾತಿಯ ಮೇಲೆ ಸುಗ್ರೀವಾಜ್ಞೆ ತಂದಿತು. ಕರ್ನಾಟಕ ಅಂಥದ್ದೇ ಒಂದು ಸುಗ್ರೀವಾಜ್ಞೆ ತಂದದ್ದು 2025ರ ಫೆಬ್ರವರಿಯಲ್ಲಿ, ವಸೂಲಿಯ ಕಿರುಕುಳಕ್ಕೆ ಜನ ಊರು ಬಿಟ್ಟ ಮೇಲೆ, ಪ್ರಾಣ ಬಿಟ್ಟ ಮೇಲೆ. ಅಂದರೆ 2014ರ ಮಾರ್ಚಿನಲ್ಲಿ ಈ ಪ್ರಶ್ನೆ ಹಿಂದೆಯೂ ಉರಿದಿತ್ತು, ಮುಂದೆಯೂ ಉರಿಯುವುದಿತ್ತು. ಸರ್ಕಾರಿ ಬ್ಯಾಂಕನ್ನು ಬಡವರ ಮನೆಗೆ ತಂದ ವ್ಯಕ್ತಿ, ಖಾಸಗಿ ಬಂಡವಾಳವನ್ನು ಹಳ್ಳಿಗೆ ತರಲು ಹೊರಟ ವ್ಯಕ್ತಿ ಇಬ್ಬರೂ ಒಂದೇ ಪಕ್ಷದ ಒಂದೇ ಟಿಕೆಟ್ಟಿಗಾಗಿ ಎದುರು ನಿಂತಿದ್ದರು. ವಾದಕ್ಕೆ ಇದಕ್ಕಿಂತ ಒಳ್ಳೆಯ ಪಾತ್ರಹಂಚಿಕೆಯನ್ನು ಯಾವ ನಾಟಕಕಾರನೂ ಮಾಡಲಾರ.

ಪಾತ್ರಹಂಚಿಕೆ ಎಂದೆ. ಅದಕ್ಕೆ ಕಾರಣವಿದೆ. ಆ ಸ್ಪರ್ಧೆ ನಡೆದದ್ದು ತಾಳಮದ್ದಳೆಯ ಸೀಮೆಯಲ್ಲಿ. ವೇಷವಿಲ್ಲದೆ, ಕುಣಿತವಿಲ್ಲದೆ, ಬರೀ ಮಾತಿನ ಬಲದ ಮೇಲೆ ಅರ್ಥಧಾರಿಗಳು ರಾತ್ರಿಯಿಡೀ ವಾದಿಸುವ ಕಲೆ ಅದು. ವಾಲಿವಧೆಯ ಕೊನೆ ಏನು ಎಂದು ಪ್ರೇಕ್ಷಕರಿಗೆ ಗೊತ್ತು. ಆದರೂ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯೇ ಎಂದು ವಾಲಿ ರಾಮನನ್ನು ಕೇಳುವ ಪ್ರಶ್ನೆಗಾಗಿ ಜನ ಕಾದು ಕೂರುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ದೊಡ್ಡವರಾದದ್ದು ಸೋಲುವ ಪಾತ್ರಗಳಿಗೂ ಸೋಲದ ವಾದವನ್ನು ಕೊಟ್ಟಿದ್ದರಿಂದ. ಎದುರಾಳಿಯ ಮಾತನ್ನು ಪೂರ್ತಿ ಕೇಳಿ, ಅದರ ಗಟ್ಟಿ ಎಳೆಯನ್ನೇ ಹಿಡಿದು ಉತ್ತರಿಸಬೇಕು ಎಂಬುದು ಅಲ್ಲಿಯ ಮರ್ಯಾದೆ. ನಮ್ಮ ಬಯಲುಸೀಮೆಯ ಬುರ್ರಕಥೆಯಲ್ಲೂ ಒಂದು ವ್ಯವಸ್ಥೆ ಇದೆ. ಮುಖ್ಯ ಕಥೆಗಾರನ ಎಡಬಲಕ್ಕೆ ಇಬ್ಬರಿರುತ್ತಾರೆ. ಒಬ್ಬ ನಗಿಸುತ್ತಾನೆ, ಇನ್ನೊಬ್ಬ ಕತೆಯ ನಡುವೆ ಇವತ್ತಿನ ರಾಜಕೀಯ ತಂದು ಪ್ರಶ್ನೆ ಹಾಕುತ್ತಾನೆ. ವಾದ ನಮಗೆ ಹೊರಗಿನಿಂದ ಬರಬೇಕಾದ ವಸ್ತುವಲ್ಲ. ಅದು ನಮ್ಮ ರಂಗದ ಮೇಲಿದೆ, ನಮ್ಮ ರಾಜಕೀಯದ ವೇದಿಕೆಗೆ ಇಳಿದಿಲ್ಲ. ಚುನಾವಣಾ ವೇದಿಕೆಯಲ್ಲಿ ಒಬ್ಬರು ಮಾತಾಡಿ ಇಳಿದು ಕಾರು ಹತ್ತಿದ ಮೇಲೆ ಇನ್ನೊಬ್ಬರು, ಇನ್ನೊಂದು ಊರಿನಲ್ಲಿ, ಇನ್ನೊಂದು ದಿನ ಮಾತಾಡುತ್ತಾರೆ. ವಾಲಿ ಒಂದು ಊರಿನಲ್ಲಿ, ರಾಮ ಇನ್ನೊಂದು ಊರಿನಲ್ಲಿ.

ಹಾಗಾದರೆ ಎದುರುಬದುರು ನಿಲ್ಲಿಸಿದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆಯೇ? ಪ್ರೈಮರಿಯ ತವರನ್ನೇ ನೋಡಿ. 1984ರ ಮಾರ್ಚಿನಲ್ಲಿ ಡೆಮಾಕ್ರಾಟಿಕ್ ಪಕ್ಷದ ಚರ್ಚೆಯೊಂದರಲ್ಲಿ ಗ್ಯಾರಿ ಹಾರ್ಟ್ ತಾನು ಹೊಸ ಆಲೋಚನೆಗಳ ಮನುಷ್ಯ ಎನ್ನುತ್ತಿದ್ದಾಗ ವಾಲ್ಟರ್ ಮಾಂಡೇಲ್ ಒಂದು ಹ್ಯಾಂಬರ್ಗರ್ ಜಾಹೀರಾತಿನ ಮಾತು ಎತ್ತಿಕೊಂಡು "ಮಾಂಸ ಎಲ್ಲಿ?" ಎಂದು ಕೇಳಿದರು. ಬ್ರೆಡ್ಡು ದೊಡ್ಡದು, ಒಳಗಿನ ಮಾಂಸ ಚಿಕ್ಕದು ಎಂಬ ಜಾಹೀರಾತು ಅದು. ಸಭೆ ನಕ್ಕಿತು, ಜನರ ನೆನಪಿನಲ್ಲಿ ಉಳಿದದ್ದು ಆ ನಗು. ಪ್ರಶ್ನೆ ಸರಿಯಾದದ್ದೇ ಇರಬಹುದು. ಆದರೆ ಅದು ಉತ್ತರ ಬೇಡದ ಪ್ರಶ್ನೆ. ಇನ್ನೊಂದು ಉದಾಹರಣೆ 2016ರದು. ಆ ಏಪ್ರಿಲ್‌ನಲ್ಲಿ ಬ್ರೂಕ್ಲಿನ್‌ನಲ್ಲಿ ಬರ್ನಿ ಸ್ಯಾಂಡರ್ಸ್ ಮತ್ತು ಹಿಲರಿ ಕ್ಲಿಂಟನ್ ಕನಿಷ್ಠ ಕೂಲಿಯ ಬಗ್ಗೆ ಜಗ್ಗಾಡಿದರು. ಇಡೀ ದೇಶಕ್ಕೆ ಗಂಟೆಗೆ 15 ಡಾಲರ್ ಎಂಬುದು ಸ್ಯಾಂಡರ್ಸ್ ಪಟ್ಟು. ಕ್ಲಿಂಟನ್ ಅಲ್ಲಿಯವರೆಗೆ ದೇಶಮಟ್ಟದಲ್ಲಿ 12 ಡಾಲರ್ ಹೇಳುತ್ತಾ ಬಂದಿದ್ದವರು. ಇಬ್ಬರೂ ಒಂದೇ ಪಕ್ಷದವರು. ಸ್ಯಾಂಡರ್ಸ್ ಸ್ಪರ್ಧೆ ಸೋತರು. ಆದರೆ ಆ ಬೇಸಿಗೆಯಲ್ಲಿ ಪಕ್ಷದ ಪ್ರಣಾಳಿಕೆಯಲ್ಲಿ ಬಂದದ್ದು 15 ಡಾಲರ್. ಸೋತ ವಾದ ಉಳಿಯಲು ಸಾಧ್ಯವಾದದ್ದು ಅದು ಒಂದು ಅಂಕಿಯ ರೂಪದಲ್ಲಿ, ಎದುರಾಳಿಯ ಮುಖದೆದುರು, ಎಲ್ಲರ ಕಿವಿಗೆ ಬೀಳುವಂತೆ ಮಂಡನೆಯಾದದ್ದರಿಂದ. ವೇದಿಕೆ ಒಂದೇ, ಒಮ್ಮೆ ಅದು ನಗೆಹನಿ ಕೊಟ್ಟಿತು, ಇನ್ನೊಮ್ಮೆ ನೀತಿ ಕೊಟ್ಟಿತು. ವ್ಯತ್ಯಾಸ ಇರುವುದು ಕೇಳುವ ಪ್ರಶ್ನೆಯಲ್ಲಿ.

ಮಂಗಳೂರಿನಲ್ಲಿ ಅಂಥ ಪ್ರಶ್ನೆಗೆ ಇನ್ನೊಂದು ವಸ್ತುವೂ ಸಿದ್ಧವಿತ್ತು: ನೀರು. ಅದೇ ಮಾರ್ಚಿನ ಆರಂಭದಲ್ಲಿ, ಚುನಾವಣೆ ಘೋಷಣೆಯಾಗುವ ಮೊದಲು, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಚಿಕ್ಕಬಳ್ಳಾಪುರದಲ್ಲಿ ಎತ್ತಿನಹೊಳೆ ಯೋಜನೆಗೆ ಶಂಕುಸ್ಥಾಪನೆ ಮಾಡಿದರು. ನೇತ್ರಾವತಿಯ ಮೇಲ್ಭಾಗದ ಹೊಳೆಗಳಿಂದ 24.01 ಟಿಎಂಸಿ ನೀರನ್ನು ಪೂರ್ವಕ್ಕೆ ತಿರುಗಿಸುವ ಯೋಜನೆ. ಸಾವಿರ ಅಡಿ ಕೊರೆದರೂ ಫ್ಲೋರೈಡು ನೀರು ಬರುವ ನಮಗೆ ಅದು ಆಸೆ. ನೇತ್ರಾವತಿ ಕುಡಿಯುವ ದಕ್ಷಿಣ ಕನ್ನಡಕ್ಕೆ ಅದು ಆತಂಕ. ತಂದೆ ಇಲ್ಲಿ ಆ ನೀರಿನ ಭರವಸೆಯ ಮೇಲೆ ವೋಟು ಕೇಳುತ್ತಿದ್ದರು, ಮಗ ಆ ನೀರಿನ ಬಗ್ಗೆ ಆತಂಕವಿದ್ದ ಜಿಲ್ಲೆಯಲ್ಲಿ ಟಿಕೆಟು ಕೇಳುತ್ತಿದ್ದರು. ಒಂದೇ ಮನೆಯ ಎರಡು ಕ್ಷೇತ್ರಗಳಲ್ಲಿ ಒಂದೇ ಹೊಳೆಗೆ ಎರಡು ಅರ್ಥ. ಇದನ್ನು ಲೇವಡಿ ಮಾಡಿ ಮುಗಿಸಿದವರೇ ಹೆಚ್ಚು. ಆದರೆ ಎರಡೂ ಜಿಲ್ಲೆಗಳ ಜನರ ಎದುರು ಖರ್ಚೆಷ್ಟು, ಮಳೆಗಾಲದಲ್ಲಿ ನಿಜಕ್ಕೂ ಸಿಗುವ ನೀರೆಷ್ಟು, ಯಾರಿಗೆ ನಷ್ಟ, ಅದಕ್ಕೆ ಪರಿಹಾರವೇನು ಎಂದು ಉತ್ತರಿಸಬೇಕಾದ ಸ್ಥಿತಿ ಯಾರಿಗಾದರೂ ಬಂದಿದ್ದರೆ ನಾವು ಇಂದು ಸ್ವಲ್ಪ ಹೆಚ್ಚು ತಿಳಿದವರಾಗಿರುತ್ತಿದ್ದೆವು. ಆರಂಭದಲ್ಲಿ 8,323 ಕೋಟಿ ಎಂದಿದ್ದ ಅಂದಾಜು ಮುಂದೆ 23,251 ಕೋಟಿ ದಾಟಿತು. ಮೊದಲ ಹಂತದ ಏತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ಸಿಕ್ಕಿತು. ಹೊಳೆಯ ನೀರು ನಮ್ಮೂರ ಕೆರೆಗೆ ಇನ್ನೂ ಬಂದಿಲ್ಲ.

ಇದೆಲ್ಲ ಹಳೆಯ ಕತೆ, ಈಗ ಗ್ಯಾರಂಟಿಗಳ ಕಾಲ ಎನ್ನಬಹುದು. ಹಾಗಾದರೆ ಪದಗಳನ್ನೇ ಸಾಲಾಗಿ ಇಟ್ಟು ನೋಡಿ. 1970ರ ದಶಕದ ಭೂಸುಧಾರಣೆಯ ಮಾತು "ಉಳುವವನೇ ಹೊಲದೊಡೆಯ". 1980ರ ದಶಕದಲ್ಲಿ "ಸಾಲಮೇಳ". 2013ರಲ್ಲಿ "ಅನ್ನಭಾಗ್ಯ". 2018ರಲ್ಲಿ "ಸಾಲಮನ್ನಾ". 2023ರಲ್ಲಿ "ಗ್ಯಾರಂಟಿ". ಮೊದಲ ವಾಕ್ಯದಲ್ಲಿ ಜನ ಕರ್ತೃಪದ; ಉಳುವವನು ಏನೋ ಮಾಡುತ್ತಾನೆ, ಅದರಿಂದ ಏನೋ ಆಗುತ್ತಾನೆ. ಮೇಳದಲ್ಲಿ ಜನ ಸೇರುತ್ತಾರೆ, ಪಡೆದದ್ದನ್ನು ಹಿಂದಿರುಗಿಸುವ ಹೊಣೆಯೂ ಇದೆ. ಭಾಗ್ಯದಲ್ಲಿ ಕೊಡುವ ಕೈ ಮೇಲಿದೆ, ಪಡೆಯುವವರು ಫಲಾನುಭವಿಗಳು. ಗ್ಯಾರಂಟಿ ಅಂಗಡಿಯ ಪದ. ಮಿಕ್ಸಿಗೆ, ಫ್ಯಾನಿಗೆ ಕೊಡುವಂಥದ್ದು. ಅದಕ್ಕೇ ಅದರಲ್ಲಿ ಒಂದು ಸದ್ಗುಣವೂ ಇದೆ. ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಸಹಿ ಹಾಕಿದ ಗ್ಯಾರಂಟಿ ಕಾರ್ಡು ಮನೆಮನೆಗೆ ಬಂದಾಗ ಅವ್ವ ಅದನ್ನು ಡೇರಿ ಪುಸ್ತಕದ ಒಳಗೆ ಇಟ್ಟುಕೊಂಡಳು. ಭಾಗ್ಯ ಬರದಿದ್ದರೆ ಹಣೆಬರಹ. ಗ್ಯಾರಂಟಿ ಬರದಿದ್ದರೆ ಕಾರ್ಡು ಹಿಡಿದು ಅಂಗಡಿಗೆ ಹೋಗಿ ಜಗಳ ಮಾಡಬಹುದು. ಗೃಹಲಕ್ಷ್ಮಿಯ ಎರಡು ಸಾವಿರ ತಡವಾದ ತಿಂಗಳು ನಮ್ಮ ಬೀದಿಯ ಹೆಂಗಸರು ಆಡುವ ಮಾತಿನಲ್ಲಿ ಬೇಡಿಕೆಯ ಧ್ವನಿಯಿದೆ, ಬೇಡುವ ಧ್ವನಿಯಿಲ್ಲ. 2022ರಲ್ಲಿ ಪ್ರಧಾನಿ ನರೇಂದ್ರ ಮೋದಿ ಇಂಥ ಕೊಡುಗೆಗಳನ್ನು "ರೇವಡಿ" ಎಂದು ಟೀಕಿಸಿದರು. ಮುಂದಿನ ಚುನಾವಣೆಗಳಲ್ಲಿ "ಮೋದಿ ಗ್ಯಾರಂಟಿ" ಎಂಬ ಮಾತನ್ನು ಅವರ ಪಕ್ಷವೂ ಎತ್ತಿಕೊಂಡಿತು. ಪದ ಗೆದ್ದಿತು. ನೀತಿಯ ಬಗ್ಗೆ ವಾದ ಅಲ್ಲಿಯೂ ನಡೆಯಲಿಲ್ಲ.

ಹಾಲಿನ ವಿಷಯವನ್ನೇ ತೆಗೆದುಕೊಳ್ಳಿ. 2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿಗೆ ಬರುತ್ತದೆ ಎಂಬ ಸುದ್ದಿ ಚುನಾವಣೆಯ ನಡುವೆ ಬಂತು. ನಂದಿನಿ ನಮ್ಮದು ಎಂಬ ಕೂಗು ಎದ್ದಿತು. ಕೂಗು ನ್ಯಾಯವಾದದ್ದೇ. ಆದರೆ ಅದೇ ಚುನಾವಣೆಯಲ್ಲಿ ಎರಡು ಪ್ರಣಾಳಿಕೆಗಳು ಹಾಲಿನ ಬಗ್ಗೆ ಎರಡು ಬೇರೆ ದಾರಿ ಹೇಳಿದ್ದವು. ಬಿಜೆಪಿ ಬಡಕುಟುಂಬಗಳಿಗೆ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು ಉಚಿತ ಎಂದಿತು. ಕಾಂಗ್ರೆಸ್ ಉತ್ಪಾದಕರಿಗೆ ಲೀಟರಿಗೆ 5 ರೂಪಾಯಿ ಇದ್ದ ಪ್ರೋತ್ಸಾಹಧನವನ್ನು 7 ರೂಪಾಯಿ ಮಾಡುವ ಮಾತಾಡಿತು. ಒಂದು ಕುಡಿಯುವವರ ಕಡೆಯಿಂದ, ಇನ್ನೊಂದು ಕರೆಯುವವರ ಕಡೆಯಿಂದ. ದಿಬ್ಬೂರಹಳ್ಳಿಯಲ್ಲಿ ಬೆಳಗ್ಗೆ ಡೇರಿಗೆ ಹಾಲು ಹಾಕಿ ಸಂಜೆ ಮಕ್ಕಳಿಗೆ ಕರಿಚಹಾ ಕೊಡುವ ಮನೆಗಳಿವೆ. ಅವರು ಎರಡೂ ಕಡೆಯವರು. ಅವರಿಗೆ ಯಾವುದು ಒಳ್ಳೆಯದು, ಹಣ ಎಲ್ಲಿಂದ, ಸಹಕಾರ ಸಂಘದ ಮೇಲೆ ಅದರ ಹೊರೆ ಏನು? ನಮ್ಮ ಕ್ಷೇತ್ರದಲ್ಲಿ ಯಾವ ವೇದಿಕೆಯಲ್ಲೂ ಈ ಎರಡು ಭರವಸೆಗಳನ್ನು ಪಕ್ಕಪಕ್ಕ ಇಟ್ಟು ಕೇಳಿದ್ದನ್ನು ನಾನು ನೋಡಲಿಲ್ಲ. ಸುಪ್ರೀಂ ಕೋರ್ಟಿನ 2013ರ ತೀರ್ಪಿನ ನಂತರ ಚುನಾವಣಾ ಆಯೋಗ 2014ರಲ್ಲೇ ನೀತಿಸಂಹಿತೆಗೆ ಒಂದು ಭಾಗ ಸೇರಿಸಿದೆ: ಪ್ರಣಾಳಿಕೆಯ ಭರವಸೆಗಳಿಗೆ ತರ್ಕವಿರಬೇಕು, ಹಣ ಹೊಂದಿಸುವ ದಾರಿಯನ್ನು ಸ್ಥೂಲವಾಗಿಯಾದರೂ ಹೇಳಬೇಕು. ನಿಯಮ ಇದೆ. ಅದನ್ನು ಓದಿ ಪ್ರಶ್ನಿಸುವ ಓದುಗರಿಲ್ಲ.

ಇಲ್ಲಿ ಸಾಹಿತ್ಯದ ವಿದ್ಯಾರ್ಥಿಗಳಾದ ನಮ್ಮ ಪಾಲಿನ ಲೋಪವನ್ನು ಹೇಳಲೇಬೇಕು. ಆರ್ಥಿಕ ನೀತಿ ಅರ್ಥಶಾಸ್ತ್ರದವರ ಕೆಲಸ, ನಮಗೇಕೆ ಎಂದು ಸಹಪಾಠಿಗಳು ಕೇಳುತ್ತಾರೆ. ಅಂಕಿಯ ಲೆಕ್ಕ ಅವರದೇ ಇರಲಿ. ಆದರೆ "ಫಲಾನುಭವಿ" ಎಂಬ ಪದ ಒಬ್ಬ ಮನುಷ್ಯಳನ್ನು ವಾಕ್ಯದ ಯಾವ ಜಾಗದಲ್ಲಿ ಕೂರಿಸುತ್ತದೆ, "ಮನ್ನಾ" ಎಂಬ ಪದ ಕಟ್ಟಿದವಳನ್ನು ಹೇಗೆ ಮರೆಸುತ್ತದೆ, "ಸರಪಳಿ"ಯಲ್ಲಿ ಹಿಡಿ ಯಾರ ಕೈಯಲ್ಲಿದೆ ಎಂದು ಕೇಳುವ ತರಬೇತಿ ಇರುವುದು ನಮಗೆ. ಒಂದು ಪ್ರಣಾಳಿಕೆಯನ್ನು ಇನ್ನೊಂದರ ಪಕ್ಕ ಇಟ್ಟು, ಹೇಳಿದ್ದರ ಜೊತೆ ಹೇಳದೇ ಬಿಟ್ಟದ್ದನ್ನು ಗುರುತಿಸುವುದು ನಾವು ದಿನವೂ ಕವಿತೆಗಳ ಮೇಲೆ ಮಾಡುವ ಕೆಲಸ. ಅಭ್ಯರ್ಥಿಗಳು ಎದುರುಬದುರು ನಿಲ್ಲುವವರೆಗೆ ಅವರ ಮಾತುಗಳನ್ನಾದರೂ ಎದುರುಬದುರು ನಿಲ್ಲಿಸಬಹುದು. ಅದಕ್ಕೆ ದೊಡ್ಡ ಸಭಾಂಗಣ ಬೇಡ. ಒಂದು ಹಾಲಿನ ಡೇರಿಯ ಜಗುಲಿ ಸಾಕು.

ಮೊನ್ನೆ ಊರಿಗೆ ಹೋದಾಗ ಈ ಬರಹದ ತಿರುಳನ್ನು ಅವ್ವನಿಗೆ ತೆಲುಗಿನಲ್ಲಿ ಹೇಳಿದೆ. ಸಾಲ ಕೊಡಿಸಿದವರು, ಸರಪಳಿ ಕಟ್ಟಹೊರಟವರು ಇಬ್ಬರೂ ನಿನ್ನೆದುರು ಬಂದು ಕೂತರೆ ಏನು ಕೇಳುತ್ತೀಯ ಎಂದೆ. ಅವಳು ಬಹಳ ಯೋಚಿಸಲಿಲ್ಲ. "ಆವು ಸತ್ತರೆ ಯಾರು ಕಟ್ತಾರೆ ಅಂತ ಕೇಳ್ತೀನಿ" ಅಂದಳು. ಆಮೇಲೆ ಸೊಪ್ಪು ಕೊಯ್ಯಲು ಹೊತ್ತಾಯಿತೆಂದು ಎದ್ದು ಹೋದಳು.